ಆರನೆಯ ಪಾರಾಯಣ

ನಮ್ಮೂರಿನಲ್ಲಿ ಕಾಲುವೆಯ ನೀರನ್ನು ಅಳೆಯುತ್ತಿದ್ದುದು ನನ್ನ ಅಪ್ಪನ ನಾಲಿಗೆ.

ಮೊದಲು ಹಾಗಿರಲಿಲ್ಲ. ಊರಿಗೆಲ್ಲ ಸೇರಿ ಒಂದು ತಾಮ್ರದ ಬಟ್ಟಲಿತ್ತು, ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ಮೆಲ್ಲಗೆ ತುಂಬಿಕೊಂಡು ಮುಳುಗುತ್ತಿತ್ತು. ಎಷ್ಟು ಸಲ ಮುಳುಗಿದರೆ ಯಾವ ಮನೆಯ ಪಾಲು ಮುಗಿಯಿತು ಎಂಬುದು ಅಜ್ಜಂದಿರ ಕಾಲದ ಲೆಕ್ಕ. ನಾಲ್ಕು ವರ್ಷದ ಹಿಂದೆ ಯಾರೋ ಆ ತೂತನ್ನು ಮೊಳೆ ಹಾಕಿ ಅಗಲ ಮಾಡಿದ್ದಾರೆ ಎಂಬ ಮಾತು ಹುಟ್ಟಿತು. ಮಾಡಿದವರು ಯಾರೋ, ದೇವರೇ ಬಲ್ಲ. ಕಾಲುವೆಯ ಬಾಯಲ್ಲಿ ಮಾತಿಗೆ ಮಾತು ಬೆಳೆದು ಗುದ್ದಲಿಗಳು ಮೇಲೆದ್ದವು. ಬಿಡಿಸಲು ನಡುವೆ ಹೋದ ನನ್ನ ಗಂಡ ಹಮ್ಮುವಿನ ತಲೆಗೆ ಏಟು ಬಿತ್ತು. ಹೊಡೆದವನು ಹೊಳೆಯಂಚಿನ ಹೊಲದ ಮೂಲೀದನ ತಮ್ಮ. ಅವನು ಅಂದೇ ಕಣಿವೆ ಬಿಟ್ಟು ಓಡಿಹೋದ. ನನ್ನ ಗಂಡ ಮೂರನೆಯ ದಿನ ತೀರಿಕೊಂಡರು.

ಆಮೇಲೆ ಹಿರಿಯರು ಕೂತು ಬಟ್ಟಲನ್ನು ಹೂತುಹಾಕಿದರು. ಯಾರೂ ಮೊಳೆ ಹೊಡೆಯಲಾಗದ ಅಳತೆ ಬೇಕು ಎಂದು ಯೋಚಿಸಿ ಅಪ್ಪನ ಬಳಿ ಬಂದರು. ಅಪ್ಪ ಬಿಹಿ, ಊರಿನ ಬಾಯಲ್ಲಿ ಸಿದಿ ಬಿಹಿ. ದೇವರ ವಾಕ್ಯವೆಲ್ಲ ಅವರಿಗೆ ಬಾಯಿಪಾಠ. ಕಣ್ಣು ಹೋಗುವ ತನಕ ನಲವತ್ತು ವರ್ಷ ಊರಿನ ಆಜಾನ್ ಕೂಗಿದವರು. ಒಂದು ಅಧ್ಯಾಯವನ್ನು ಅವರು ಓದಿ ಮುಗಿಸುವ ಹೊತ್ತು ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ, ಒಂದು ಉಸಿರು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾಗಿ ನೀರಿಗೆ ಅದೇ ಅಳತೆಯಾಯಿತು. ಒಬ್ಬರದು ನಾಲ್ಕು ಪಾರಾಯಣದ ನೀರು, ಇನ್ನೊಬ್ಬರದು ಆರು.

ನಿಯಮಗಳು ಬಿಗಿಯಾಗಿದ್ದವು. ಅಪ್ಪನ ಪಕ್ಕದಲ್ಲಿ ಒಬ್ಬರು ಕೂತು ಕೇಳಬೇಕು. ವಾಕ್ಯ ತಪ್ಪಿದರೆ ಮೊಣಕಾಲನ್ನು ತಟ್ಟಬೇಕು, ಮಾತಾಡಕೂಡದು. ಪಾರಾಯಣ ಮಧ್ಯೆ ನಿಂತುಹೋದರೆ ಅದು ಬಿದ್ದುಹೋದಂತೆ, ನೀರು ಮುಂದಿನವನಿಗೆ. ಬೇಕೆಂದು ನಿಲ್ಲಿಸಿದವರ ಮನೆಗೆ ಒಂದು ವರ್ಷ ನೀರಿಲ್ಲ.

ಕೇಳುವ ಕೆಲಸ ನನ್ನದು. ನನಗೆ ಓದಲು ಬಾರದು. ಆದರೆ ತೊಟ್ಟಿಲಲ್ಲಿದ್ದಾಗಿನಿಂದ ಆ ಸ್ವರ ಕೇಳುತ್ತಲೇ ಬೆಳೆದವಳು ನಾನು. ಅಪ್ಪ ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ, ಎಲ್ಲ ನನಗೆ ಗೊತ್ತು. ಮಡಿಲಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು, ಎಡಗೈಯನ್ನು ಅಪ್ಪನ ಮೊಣಕಾಲ ಮೇಲಿಟ್ಟು ಕೂತುಬಿಡುತ್ತಿದ್ದೆ. ಒಂದು ಪಾರಾಯಣ ಮುಗಿದರೆ ಒಂದು ಕಲ್ಲು ಬಲದಿಂದ ಎಡಕ್ಕೆ.

ಆ ವರ್ಷದ ಆಗಸ್ಟ್‌ನಲ್ಲಿ ನಮ್ಮ ಮನೆಗೆ ಒಬ್ಬಳು ಅತಿಥಿ ಬಂದಳು. ನಮ್ಮೂರು ಇಗಿರ್ ಉಮ್ಲಿಲ್‌ಗೆ ದಾರಿ ತಪ್ಪಿದವರೂ ಬರುವುದಿಲ್ಲ. ಬಸ್ಸು ನಿಲ್ಲುವ ಜಾಗದಿಂದ ಹೇಸರಗತ್ತೆಯ ಮೇಲೆ ನಾಲ್ಕು ತಾಸು. ಇವಳು ಮಾತ್ರ ಹೆಸರು ಹೇಳಿ ವಿಚಾರಿಸಿಕೊಂಡು ಬಂದಳು. ಸಲ್ವಾ ಎಂದು. ಕಾಸಾಬ್ಲಾಂಕಾದ ಹುಡುಗಿ, ಇಪ್ಪತ್ತೈದರ ಒಳಗೆ. ಅವಳ ಅಜ್ಜಿ ಈ ಕಣಿವೆಯಿಂದ ಮದುವೆಯಾಗಿ ಹೋದವಳಂತೆ. ಆ ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅವಳು ಹುಟ್ಟಿದ ಮನೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಉಳಿದಿದ್ದ ಒಂದು ಗೋಡೆಯನ್ನು ಸಲ್ವಾ ಬಹಳ ಹೊತ್ತು ಮುಟ್ಟಿ ನಿಂತಿದ್ದಳು.

ಮೂರನೆಯ ದಿನ ಬೆಳಿಗ್ಗೆ ನಾವು ನಾಲ್ವರೂ ಮುದ್ದೆಯ ತಟ್ಟೆಯ ಸುತ್ತ ಕೂತಿದ್ದೆವು. ನಡುವಿನ ಗುಳಿಯಲ್ಲಿ ಬೆಣ್ಣೆ ಕರಗುತ್ತಿತ್ತು.

"ಖಾಲ್ತಿ," ಎಂದಳು ಸಲ್ವಾ. ಪಟ್ಟಣದವರು ದೊಡ್ಡ ಹೆಂಗಸರನ್ನು ಹಾಗೆ ಕರೆಯುತ್ತಾರೆ. "ಹೊಳೇಲಿ ಉಣ್ಣೆ ಒಗೆಯೋ ದಿನ ಹೆಂಗಸರು ದಿನವೆಲ್ಲ ಹಾಡ್ತಿದ್ರು ಅಂತ ಅಜ್ಜಿ ಹೇಳ್ತಿದ್ಲು. ನಂಗೂ ಒಂದ್ಸಲ ಒಗೀಬೇಕು. ನಾಳೆ ಹೊರಟುಬಿಡ್ತೀನಲ್ಲ."

"ಮೇಲಿನ ಚಿಲುಮೆ ತೊಟ್ಟೀಲೇ ಒಗೀಬಹುದು ಕಣವ್ವ," ಎಂದೆ. "ಈ ತಿಂಗಳಲ್ಲಿ ನಾವು ಹೊಳೆಗೆ ಇಳಿಯೋದು ಕಮ್ಮಿ."

ನನ್ನ ಮಗಳು ನಕ್ಕಳು, ಇತ್ತು ಎಂದು ಅವಳ ಹೆಸರು. ಅವಳಿಗೆ ಹದಿನೇಳು. "ಹೊಳೆ ಎಲ್ಲಿದೆ ಇಮ್ಮಿ? ಕೋಳಿ ಕಾಲು ಮುಳುಗೋಷ್ಟೂ ನೀರಿಲ್ಲ."

"ನಿಮ್ಮೂರಲ್ಲಿ ಬಟ್ಟೆ ಒಗೆಯೋ ಯಂತ್ರ ಇದ್ಯಂತಲ್ಲ ಮಗಳೇ," ಎಂದರು ಅಪ್ಪ, "ಅದು ಕೈಕೊಟ್ಟಿತಾ?"

"ಯಂತ್ರಕ್ಕೆ ಹಾಡೋಕೆ ಬರಲ್ಲ, ಸಿದಿ."

"ನಮ್ಮ ಇತ್ತುಗೂ ಬರಲ್ಲ. ಹಾಡಿಸಿ ನೋಡು, ಬೇಲಿಯಾಚೆ ಕತ್ತೆ ಜೊತೆಗೆ ಶುರು ಮಾಡುತ್ತೆ."

"ಜದ್ದಿ! ಕತ್ತೆ ನಿಮ್ಮ ಕೆಮ್ಮಿಗೂ ಶುರು ಮಾಡುತ್ತೆ," ಎಂದು ಇತ್ತು ಅಜ್ಜನ ತೋಳಿಗೆ ತಿವಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತಿಥಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ಇಲ್ಲ. ಎರಡನೆಯ ಸಲ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನೆತ್ತಿಯ ಮೇಲೆ ಆಕಾಶವೂ ತೊಳೆದಿಟ್ಟಂತಿತ್ತು.

"ಮಧ್ಯಾಹ್ನದ ನಮಾಜು ಆದಮೇಲೆ ಹೊತ್ತು ಮಾಡ್ಬೇಡಿ," ಎಂದೆ. "ತಿರುವಿನ ಹತ್ರ ಬೇಡ. ಈಚೆ ಇರಿ."

"ತಿರುವಿನ ಹತ್ರಾನೇ ಅಲ್ವಾ ನೀರಿರೋದು," ಎಂದು ಇತ್ತು ಉಣ್ಣೆಯ ಗಂಟು ಹೊತ್ತು ಹೊರಟೇಬಿಟ್ಟಳು. ಸಲ್ವಾ ಬಡಿಯುವ ಕೋಲುಗಳೆರಡನ್ನು ಹೆಗಲಿಗಿಟ್ಟುಕೊಂಡು ಹಿಂದೆ ಓಡಿದಳು.

ಅಂದು ನೀರಿನ ಸರದಿ ಮೂಲೀದನದು. ಆರು ಪಾರಾಯಣ. ಅವನಾದ ಮೇಲೆ ನನ್ನ ಭಾವನದು, ಎಂದರೆ ತೀರಿಕೊಂಡ ನನ್ನ ಗಂಡನ ಅಣ್ಣನದು. ಆ ಎರಡು ಹೆಸರು ಒಂದರ ಹಿಂದೊಂದು ಬರುವ ದಿನ ಊರಿನ ಹೆಂಗಸರು ಗಂಡಸರ ಗುದ್ದಲಿಗಳನ್ನೇ ನೋಡುತ್ತಿರುತ್ತಿದ್ದರು.

ಕಾಲುವೆ ಕವಲೊಡೆಯುವಲ್ಲಿ ಅಕ್ರೋಟಿನ ಮರದ ಕೆಳಗೆ ಒಂದು ಚಪ್ಪಟೆ ಬಂಡೆ. ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹೊಲಗಳು ಹೊಳೆಯತನಕ ಇಳಿಯುತ್ತವೆ. ಎಲ್ಲಕ್ಕಿಂತ ಕೆಳಗಿನದು ಮೂಲೀದನ ಜೋಳ. ಅದರಾಚೆ ಆಳೆತ್ತರದ ಕಲ್ಲುಗೋಡೆ, ಗೋಡೆಯ ಕೆಳಗೆ ಹೊಳೆಯ ಪಾತ್ರ. ತಿರುವು ಮಾತ್ರ ಬಂಡೆಯಿಂದ ಕಾಣುವುದಿಲ್ಲ, ಗುಡ್ಡದ ಮೂಲೆ ಅಡ್ಡ.

ಮೂಲೀದ ಬಂದು ಅಪ್ಪನಿಗೆ ಸಲಾಂ ಹೇಳಿದ. ನನ್ನತ್ತ ನೋಡಲಿಲ್ಲ. ನಾಲ್ಕು ವರ್ಷದಿಂದ ನೋಡಿಲ್ಲ.

"ನಿಮ್ಮ ಬಾಯಿ ಒಣಗದಿರಲಿ, ಸಿದಿ ಬಿಹಿ."

"ನಿನ್ನ ಜೋಳ ಒಣಗದಿರಲಿ. ಹೋಗು."

ಅವನು ಕೆಳಗಿಳಿದ. ಹೊಲಕ್ಕೆ ನೀರು ತಿರುಗಿಸುವ ಮಡೆಯ ಬಳಿ ನನ್ನ ಭಾವ ಗುದ್ದಲಿಯ ಕಾವಿಗೆ ಗಲ್ಲ ಊರಿ ಕುಕ್ಕರುಗಾಲಲ್ಲಿ ಕೂತಿದ್ದರು. ಎದುರು ಬದಿಯಲ್ಲಿ ಮೂಲೀದನ ದಾಯಾದಿ ಒಬ್ಬ.

"ಇವತ್ತು ಸಿದಿ ಬಿಹಿ ನಿದ್ದೆಗಣ್ಣಲ್ಲಿ ಓದೋ ಹಾಗಿದೆ. ನಮ್ಮ ಪಾಲಿಗೆ ಬಂದಾಗ ಮಾತ್ರ ಕುದುರೆ ಓಡಿಸ್ತಾರೆ," ಎಂದರು ಭಾವ.

"ನಿಮಗೆ ಸ್ವರ್ಗದಲ್ಲೂ ನೀರು ಸಾಲಲ್ಲ ಬಿಡಿ," ಎಂದ ಅವನು.

ಅಪ್ಪ ಗಂಟಲು ಸರಿಮಾಡಿಕೊಂಡರು. ಇಬ್ಬರೂ ಬಾಯಿ ಮುಚ್ಚಿದರು. ಮಡೆ ತೆರೆಯಿತು. ಮೊದಲ ಪಾರಾಯಣ ಶುರುವಾಯಿತು.

ಕೆಳಗೆ ತಿರುವಿನಿಂದ ಉಣ್ಣೆ ಬಡಿಯುವ ಸದ್ದು ಬರುತ್ತಿತ್ತು. ಒದ್ದೆ ಉಣ್ಣೆಯ ಮೇಲೆ ಕೋಲು, ಧಪ್, ಧಪ್. ಎರಡು ಕೋಲು. ಒಂದು ನೇರವಾಗಿ, ಸಮನಾಗಿ, ಅದು ನನ್ನ ಇತ್ತುವಿನದು. ಇನ್ನೊಂದು ತಾಳ ತಪ್ಪಿ ಅವಳ ಹಿಂದೆ ಎಡವುತ್ತಿತ್ತು. ಒಂದು ಕಿವಿ ಅಪ್ಪನ ಓದಿಗೆ, ಒಂದು ಕಿವಿ ಆ ಸದ್ದಿಗೆ ಕೊಟ್ಟು ಕೂತೆ. ನಡುನಡುವೆ ಅದು ನಿಲ್ಲುತ್ತಿತ್ತು. ನಿಂತಾಗ ಕತ್ತು ಚಾಚಿ ಗುಡ್ಡದ ಮೂಲೆಯತ್ತ ನೋಡುತ್ತಿದ್ದೆ. ಆಮೇಲೆ ನಗು ಕೇಳುತ್ತಿತ್ತು, ಮತ್ತೆ ಧಪ್.

ನಾಲ್ಕನೆಯ ಕಲ್ಲು ಎಡಕ್ಕೆ ಬಂದಾಗ ಕಣಿವೆಯ ಆಚೆಗೆ, ಎತ್ತರದ ಬೆಟ್ಟಸಾಲಿನ ಹಿಂದೆ, ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದನ್ನು ಕಂಡೆ. ನಮ್ಮ ಮೇಲೆ ಬಿಸಿಲೇ ಇತ್ತು. ಅಕ್ರೋಟಿನ ಎಲೆ ಅಲುಗುತ್ತಿರಲಿಲ್ಲ. ಬಹಳ ದೂರದಲ್ಲಿ ಯಾರೋ ಮಾಳಿಗೆಯ ಮೇಲೆ ಪೆಟ್ಟಿಗೆ ಎಳೆದಂತೆ ಒಂದು ಸದ್ದು. ಅದು ಮೇಲಿನವರ ಮಳೆ, ನಮ್ಮದಲ್ಲ ಎಂದುಕೊಂಡೆ. ಎಷ್ಟೋ ಸಲ ಅದು ಆ ಬದಿಗೇ ಇಳಿದು ಹೋಗುತ್ತದೆ.

ಐದು ಮುಗಿಯಿತು. ಅಪ್ಪ ಒಂದು ಗುಟುಕು ನೀರು ಕುಡಿದು ಆರನೆಯದನ್ನು ಎತ್ತಿಕೊಂಡರು.

ಅರ್ಧ ದಾಟಿರಬಹುದು. ನನ್ನ ಕಣ್ಣು ಕಾಲುವೆಯ ಮೇಲಿತ್ತು. ತಿಳಿಯಾಗಿ ಹರಿಯುತ್ತಿದ್ದ ನೀರಿನ ಒಂದು ಅಂಚಿನಲ್ಲಿ ದಾರದೆಳೆಯಷ್ಟು ಕೆಂಪು ಬಂತು.

ನನ್ನ ಬೆರಳುಗಳು ಅಪ್ಪನ ಮೊಣಕಾಲ ಮೇಲೆ ಬಿಗಿದವು.

ಕಾಲುವೆ ಹೊಳೆಯಿಂದ ಕವಲಾಗುವುದು ನಾಲ್ಕು ತಿರುವು ಮೇಲೆ. ಹೊಳೆ ಕೆಂಪಾದರೆ ಕಾಲುವೆ ಕೆಂಪಾಗುತ್ತದೆ. ಮೊದಲು ಬಣ್ಣ ಬರುತ್ತದೆ, ಆಮೇಲೆ ಪ್ರವಾಹ. ಎರಡರ ನಡುವೆ ಎಷ್ಟು ಹೊತ್ತು ಎಂದು ನಮ್ಮಜ್ಜಿಯನ್ನು ಕೇಳಿದಾಗ ಅವಳು, "ಓಡುವವನಿಗೆ ಸಾಕು, ನೋಡುತ್ತ ನಿಲ್ಲುವವನಿಗೆ ಸಾಲದು," ಎಂದಿದ್ದಳು.

ಅಪ್ಪ ಓದುತ್ತಿದ್ದರು. ನನಗೆ ಗೊತ್ತಿತ್ತು, ಈಗ ನಿಲ್ಲಿಸಬೇಕು. ಆದರೆ ಮೇಲೆ ಯಾರದೋ ಹೇಸರಗತ್ತೆ ಕಾಲುವೆಗೆ ಇಳಿದಿರಬಹುದು ಎಂದುಕೊಂಡೆ. ಒಂದು ವಾಕ್ಯ ಮುಗಿಯಿತು. ದಂಡೆಯ ಮಣ್ಣು ಕುಸಿದಿರಬಹುದು. ಹೋದ ತಿಂಗಳೂ ಕುಸಿದಿತ್ತಲ್ಲ. ಇನ್ನೊಂದು ವಾಕ್ಯ. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ನಾನು ನಿಲ್ಲಿಸಿ, ಅದು ಬರೀ ಹೇಸರಗತ್ತೆಯಾಗಿದ್ದರೆ? ಮೂಲೀದನ ನೀರು ನನ್ನ ಗಂಡನ ಮನೆಯವರಿಗೆ ಹೋಗುತ್ತದೆ. ಸತ್ತವನ ಹೆಂಡತಿ ಸೇಡು ತೀರಿಸಿಕೊಂಡಳು ಎನ್ನುತ್ತಾರೆ. ಎದುರು ಬದಿಯವನು ಗುದ್ದಲಿ ಎತ್ತುತ್ತಾನೆ, ಭಾವ ಎತ್ತುತ್ತಾರೆ. ಹಮ್ಮುವಿನ ಕಿವಿಯಿಂದ ಇಳಿದ ರಕ್ತವನ್ನು ನಾನು ಇದೇ ಕಾಲುವೆಯಲ್ಲಿ ತೊಳೆದಿದ್ದೆ. ಮತ್ತೂ ಒಂದು ವಾಕ್ಯ.

ಕೆಳಗೆ ಧಪ್, ಧಪ್.

ಕೆಂಪು ಅಗಲವಾಗುತ್ತಿತ್ತು. ಎಳೆ ಹೋಗಿ ಪಟ್ಟಿಯಾಯಿತು. ಭಾವನ ಕಣ್ಣು ನನ್ನ ಮೇಲೆ, ದಾಯಾದಿಯ ಕಣ್ಣು ಭಾವನ ಗುದ್ದಲಿಯ ಮೇಲೆ, ಇಬ್ಬರೂ ನೀರು ನೋಡುತ್ತಿರಲಿಲ್ಲ. ಕಣ್ಣಿದ್ದು ನೋಡಿದವಳು ನಾನೊಬ್ಬಳೇ. ವಾಕ್ಯಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಹುಟ್ಟಿದಾಗಿನಿಂದ ನನಗೆ ಧೈರ್ಯ ಕೊಟ್ಟ ವಾಕ್ಯಗಳೇ. ಮುಗಿಯಲು ಇನ್ನೆಷ್ಟು ಉಳಿದಿದೆ ಎಂದು ಮನಸ್ಸಿನಲ್ಲೇ ಮುಂದಕ್ಕೆ ಓಡಿ ನೋಡಿದೆ. ಇಷ್ಟು ಮುಗಿದುಬಿಟ್ಟರೆ ಯಾವ ಜಗಳವೂ ಇಲ್ಲ, ಆಮೇಲೆ ಕೂಗಬಹುದು. ದೇವರೇ, ಇಷ್ಟನ್ನು ಮುಗಿಸಿಕೊಡು ಎಂದು ಬೇಡಿದೆ.

ಆಗ ನೀರಿನಲ್ಲಿ ಒಂದು ಹಸಿರು ಟೊಂಗೆ ತೇಲಿ ಬಂತು. ಎತ್ತರದ ಬೆಟ್ಟಸಾಲಿನಲ್ಲಿ ಮಾತ್ರ ಬೆಳೆಯುವ ಮರದ್ದು, ಬೇರಿನ ಕಡೆ ಹಸಿಯಾಗಿ ಸೀಳಿತ್ತು. ಅದರ ಸುತ್ತ ಕಂದು ನೊರೆ.

ನಾನು ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದೆ.

ದೇವರ ವಾಕ್ಯ ಬರುತ್ತಿದ್ದ ಬಾಯಿಗೆ. ಅವರ ತುಟಿಗಳು ನನ್ನ ಅಂಗೈಯೊಳಗೆ ಇನ್ನೂ ಒಂದು ಶಬ್ದ ಆಡಿ ನಿಂತವು. ಮಡೆಯ ಬಳಿ ಇಬ್ಬರೂ ಒಟ್ಟಿಗೆ ಎದ್ದುನಿಂತರು.

"ಏನೇ ಇದು ಇಜ್ಜಾ!" ಎಂದು ಎದುರು ಬದಿಯವನು ನನ್ನ ಹೆಸರು ಹಿಡಿದು ಕೂಗಿದ. "ಎಲ್ಲರೂ ನೋಡಿದ್ರಲ್ಲ? ಬೇಕೂಂತಲೇ ನಿಲ್ಲಿಸಿದ್ಲು!"

"ಬಾಬಾ," ಎಂದೆ. ನನ್ನದು ಸಣ್ಣ ದನಿ, ಪಕ್ಕದ ಮನೆಗೂ ಕೇಳದ ದನಿ. "ನೀರು ಕೆಂಪಾಗಿದೆ. ಇತ್ತು ತಿರುವಲ್ಲಿದ್ದಾಳೆ. ಅತಿಥಿಯೂ."

ಅಪ್ಪ ನನ್ನ ಹೆಗಲು ಹಿಡಿದು ಎದ್ದರು, ಕಣಿವೆಯತ್ತ ಮುಖ ಮಾಡಿದರು, ಎರಡು ಕೈಯನ್ನೂ ಕಿವಿಗೆ ತಂದರು. ನಾಲ್ಕು ವರ್ಷ ಮೆಲುದನಿಯಲ್ಲಿ ನೀರು ಅಳೆದ ಆ ಗಂಟಲಿನಿಂದ ಆಜಾನ್ ಎದ್ದಿತು. ಯಾವ ನಮಾಜಿನ ಹೊತ್ತೂ ಅಲ್ಲದ ಹೊತ್ತಿನಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಆಜಾನ್ ಕೇಳಿದರೆ ಕೈಯಲ್ಲಿದ್ದುದನ್ನು ಬಿಟ್ಟು ಮೇಲಕ್ಕೆ ಓಡಬೇಕೆಂದು ನಮ್ಮ ಕಣಿವೆಯ ಹಾಲುಹಲ್ಲಿನ ಕೂಸಿಗೂ ಗೊತ್ತು. ಹೊಲಗಳಲ್ಲಿ ಬಾಗಿದ್ದ ಬೆನ್ನುಗಳೆಲ್ಲ ಒಟ್ಟಿಗೆ ನೆಟ್ಟಗಾದವು.

ಕೆಳಗೆ ಬಡಿಯುವ ಸದ್ದು ನಿಂತಿತು.

ಅದು ನಿಂತ ಮೇಲೆ ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಗುಡ್ಡದ ಮೂಲೆಯತ್ತ ನೋಡುತ್ತ ಓಡಿದೆ. ಒಂದು ಬದು ಇಳಿದೆ, ಎರಡು ಇಳಿದೆ. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ನನ್ನನ್ನು ದಾಟಿ ಮೇಲಕ್ಕೆ ಬರುತ್ತಿದ್ದರು. "ಹುಚ್ಚಿ, ಎಲ್ಲಿಗೆ ಹೋಗ್ತೀಯೇ?" ಎಂದು ಯಾರೋ ನನ್ನ ಸೆರಗು ಹಿಡಿದೆಳೆದರು. ಆಗ ಕಾಲ ಕೆಳಗಿನ ನೆಲ ಅದುರಿತು. ಮೊದಲು ಗಾಳಿ ಬಂತು, ಹಸಿ ಮಣ್ಣಿನ ವಾಸನೆಯ ತಣ್ಣನೆಯ ಗಾಳಿ. ಆಮೇಲೆ ಸದ್ದು, ಬೆಟ್ಟವೇ ಹಲ್ಲು ಕಡಿದಂತೆ, ಬಂಡೆಗೆ ಬಂಡೆ ಉಜ್ಜುವ ಸದ್ದು. ಅದರಲ್ಲಿ ಅಪ್ಪನ ದನಿ ಮುಳುಗಿತು.

ಜೋಳದ ಆಚೆ ಗೋಡೆಯ ಮೇಲೆ ಮೂಲೀದ ಹೊಟ್ಟೆಯಡಿಯಾಗಿ ಮಲಗಿರುವುದು ಕಂಡಿತು. ಎಲ್ಲರೂ ಮೇಲಕ್ಕೆ ಓಡಿದ್ದರೆ ಅವನು ಕೆಳಕ್ಕೆ ಓಡಿದ್ದ. ಗುದ್ದಲಿಯ ಕಬ್ಬಿಣವನ್ನು ಎದೆಗೆ ಒತ್ತಿ ಹಿಡಿದು ಕಾವನ್ನು ಹೊಳೆಯ ಪಾತ್ರಕ್ಕೆ ಇಳಿಬಿಟ್ಟಿದ್ದ. ಅದರ ತುದಿ ನನಗೆ ಕಾಣುತ್ತಿರಲಿಲ್ಲ. ಅವನ ಬೆನ್ನು ಒಮ್ಮೆ ಹಿಂದಕ್ಕೆ ಜಗ್ಗಿತು, ಸಲ್ವಾಳ ನೀಲಿ ಅಂಗಿ ಗೋಡೆಯ ಮೇಲೆ ಬಂದು ಬಿತ್ತು. ಮತ್ತೆ ಕಾವನ್ನು ಇಳಿಬಿಟ್ಟ. ಈ ಸಲ ಜಗ್ಗಲಿಲ್ಲ. ಕಾದ. ಅವನು ಏನೋ ಕೂಗುತ್ತಿದ್ದ, ನನಗೆ ಬರೀ ಬಾಯಿ ಕಾಣುತ್ತಿತ್ತು.

ಗುಡ್ಡದ ಮೂಲೆಯಿಂದ ಕೆಂಪು ನೀರಿನ ಗೋಡೆಯೊಂದು ಹೊರಬಂತು. ಅದರ ಮುಖದಲ್ಲಿ ಮರಗಳು ಉರುಳುತ್ತಿದ್ದವು.

ಅವನ ಬೆನ್ನು ಜಗ್ಗಿತು.

ಇತ್ತು ಮೇಲೆ ಬಂದಳು. ಇಬ್ಬರನ್ನೂ ಮುಂದೆ ತಳ್ಳುತ್ತ ಅವನು ಜೋಳದೊಳಗೆ ಓಡಿಸಿಕೊಂಡು ಬಂದ. ಅವರು ಎರಡನೆಯ ಬದು ಹತ್ತಿದಾಗ ಹಿಂದೆ ಗೋಡೆ ಇರಲಿಲ್ಲ, ಜೋಳವೂ ಇರಲಿಲ್ಲ.

ಇತ್ತು ನನ್ನ ಕೊರಳಿಗೆ ಬಿದ್ದಳು. ಮೊಣಕಾಲ ತನಕ ಅವಳ ಬಟ್ಟೆ ಕೆಸರಿನಲ್ಲಿ ನೆನೆದಿತ್ತು. "ಉಣ್ಣೆ ಹೋಯ್ತು ಇಮ್ಮಿ," ಎಂದಳು, ಮತ್ತೆ ಮತ್ತೆ ಅದನ್ನೇ. ಬಡಿಯುವ ಕೋಲು ಇನ್ನೂ ಸಲ್ವಾಳ ಕೈಯಲ್ಲಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆಯಬೇಕಾಯಿತು.

ನಾವು ಬಂಡೆಯ ಬಳಿಗೆ ಬಂದೆವು. ಊರೆಲ್ಲ ಅಲ್ಲಿ ಸೇರಿತ್ತು. ಅಪ್ಪ ಇನ್ನೂ ನಿಂತೇ ಇದ್ದರು, ದನಿ ಪೂರ್ತಿ ಒಡೆದುಹೋಗಿತ್ತು. ಇತ್ತು ಅವರ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡಳು. ಅಪ್ಪ ಅವಳ ಹಣೆ, ಮೂಗು, ಕೆನ್ನೆ ಮುಟ್ಟಿ ನೋಡಿದರು.

"ನನ್ನ ಕೂಗಿಗೆ ಕತ್ತೆ ಜೊತೆ ಸೇರಲಿಲ್ಲ ನೋಡು," ಎಂದರು. ಯಾರಿಗೂ ನಗು ಬರಲಿಲ್ಲ.

ಭಾವ ಮೂಲೀದನ ಎದುರು ನಿಂತರು. ಇಬ್ಬರ ಕೈಯಲ್ಲೂ ಗುದ್ದಲಿ. ಭಾವ ತಮ್ಮದನ್ನು ಮರಕ್ಕೆ ಒರಗಿಸಿ, ತಲೆಯ ರುಮಾಲು ಬಿಚ್ಚಿ, ಮೂಲೀದನ ಅಂಗೈಗೆ ಸುತ್ತತೊಡಗಿದರು. ಅದು ಸಿಗಿದು ರಕ್ತ ಸುರಿಯುತ್ತಿತ್ತು.

"ಮೂಲೀದ್," ಎಂದರು ಅಪ್ಪ. "ನಿನ್ನ ಆರನೆಯದು ಮುರಿದುಹೋಯ್ತು."

"ಹೊಲವೇ ಹೋಯ್ತಲ್ಲ ಸಿದಿ. ನೀರು ತಗೊಂಡು ಎಲ್ಲಿಗೆ ಬಿಡಲಿ?" ಎಂದ ಅವನು. ಆಮೇಲೆ ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದ, ಲಾಲ್ಲಾ ಎಂದು ಮರ್ಯಾದೆಯಿಂದ ಕರೆದ. "ಆದರೂ ಮುಗಿಸಿಬಿಡಿ. ಅರ್ಧಕ್ಕೆ ಬಿಟ್ಟದ್ದು ಕಿವೀಲಿ ನಿಂತುಬಿಡುತ್ತೆ. ಲಾಲ್ಲಾ ಇಜ್ಜಾ, ನೀವೂ ಕೂತ್ಕೊಳ್ಳಿ."

ಅಪ್ಪ ಕೂತರು. ನಾನು ಪಕ್ಕದಲ್ಲಿ ಕೂತು ಎಡಗೈಯನ್ನು ಅವರ ಮೊಣಕಾಲ ಮೇಲಿಟ್ಟೆ. ಕೆಳಗೆ ಹೊಳೆ ಗುಡುಗುತ್ತಿತ್ತು.

ನಾನು ಬಾಯಿಗೆ ಕೈ ಅಡ್ಡ ಹಿಡಿದ ವಾಕ್ಯ ಯಾವುದೆಂದು ನನಗೆ ಗೊತ್ತಿತ್ತು. ಅಲ್ಲಿಂದ ಎತ್ತಿಕೊಳ್ಳುತ್ತಾರೆ ಎಂದು ಕಾದೆ. ಅಪ್ಪ ಅಲ್ಲಿಂದ ಎತ್ತಿಕೊಳ್ಳಲಿಲ್ಲ. ಹಿಂದಕ್ಕೆ ಹೋದರು. ಒಡೆದ ದನಿಯಲ್ಲಿ, ಬಹಳ ಮೆಲ್ಲಗೆ, ಹಿಂದಿನ ಒಂದು ವಾಕ್ಯದಿಂದ ಶುರುಮಾಡಿದರು. ತಪ್ಪಿದರು ಎಂದು ಮೊಣಕಾಲು ತಟ್ಟಲು ನನ್ನ ಬೆರಳು ಎದ್ದಿತು. ಅಲ್ಲೇ ನಿಂತಿತು.

ಕೆಂಪು ಎಳೆಯನ್ನು ಕಂಡು ನನ್ನ ಬೆರಳುಗಳು ಬಿಗಿದದ್ದು ಆ ವಾಕ್ಯದಲ್ಲಿ.

ಹೇಸರಗತ್ತೆ ಇಳಿದಿರಬಹುದು ಎಂದುಕೊಂಡ ವಾಕ್ಯ ಬಂತು. ದಂಡೆ ಕುಸಿದಿರಬಹುದು ಎಂದುಕೊಂಡ ವಾಕ್ಯ ಬಂತು. ಭಾವ ನನ್ನನ್ನು ನೋಡಿದ ವಾಕ್ಯ, ರಕ್ತ ನೆನಪಾದ ವಾಕ್ಯ, ಇಷ್ಟನ್ನು ಮುಗಿಸಿಕೊಡು ಎಂದು ದೇವರನ್ನು ಬೇಡಿದ ವಾಕ್ಯ. ನಾನು ಎಣಿಸಿದೆ. ಹನ್ನೊಂದು. ಅಪ್ಪನಿಗೆ ಕಣ್ಣಿರಲಿಲ್ಲ, ಆದರೆ ನನ್ನ ಕೈ ಅವರ ಮೊಣಕಾಲ ಮೇಲಿತ್ತು. ನನಗೇನೋ ಕಂಡಿದೆ, ನಾನು ಹೆದರಿದ್ದೇನೆ ಎಂದು ಅವರಿಗೂ ತಿಳಿದಿತ್ತು. ತಿಳಿದೂ, ನನ್ನ ಹಾಗೇ ಜಗಳಕ್ಕೆ ಹೆದರಿ, ಆ ಹನ್ನೊಂದನ್ನು ಓದಿದ್ದರು.

ಆ ಹನ್ನೊಂದರಲ್ಲಿ ಕೊನೆಯದು ಮುಗಿದಾಗ ಅಪ್ಪ ಓದು ನಿಲ್ಲಿಸಿದರು. ಅಲ್ಲಿ ಅವರು ಉಸಿರೆಳೆದುಕೊಳ್ಳುವ ಜಾಗವಿಲ್ಲ. ನನ್ನ ಕೈಯನ್ನು ಹುಡುಕಿ ತಮ್ಮ ಕೈಯಿಂದ ಮುಚ್ಚಿದರು. ಹಾಗೇ ಹಿಡಿದುಕೊಂಡು ಮುಂದಿನದನ್ನು ಓದಿದರು, ಕೊನೆಯತನಕ.

ನಾನು ಆರನೆಯ ಕಲ್ಲನ್ನು ಎಡಕ್ಕೆ ಇಟ್ಟೆ.